ಮಾಡ್ಯುಲರ್ ಸಿಂಥ್‌ನಲ್ಲಿ ಡಿಲೇ, ರಿವರ್ಬ್ ಪ್ಯಾಚ್ ಮಾಡುವುದು: ಅರಚಾಟ, ಬಗ್ಗಡ ಇಲ್ಲದೆ ಹಂತ ಹಂತವಾಗಿ

ಮಾಡ್ಯುಲರ್ ಸಿಂಥ್ ಎಂದರೆ ಬಿಡಿ ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ಗಳಿಂದ ಜೋಡಿಸಿ (ಪ್ಯಾಚ್ ಮಾಡಿ) ನುಡಿಸುವ ವಾದ್ಯ. ಅದಕ್ಕೆ ಡಿಲೇ (ಸದ್ದನ್ನು ತಡಮಾಡಿ ಮಾರ್ದನಿ ಕೊಡುವುದು), ರಿವರ್ಬ್ (ದೊಡ್ಡ ಕೋಣೆಯ ಅನುರಣನ ಕೊಡುವುದು) ಮಾಡ್ಯೂಲ್ ತಂದುಕೊಂಡವರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಮೂರೇ. "ಫೀಡ್‌ಬ್ಯಾಕ್ ತುಸು ಏರಿಸಿದರೆ ಅರಚಲು ಶುರು, ತುಸು ಇಳಿಸಿದರೆ ಏನೂ ಕೇಳಿಸುವುದಿಲ್ಲ." "ರಿವರ್ಬ್ ಹಾಕಿದ ಕೂಡಲೇ ಎಲ್ಲ ಬಗ್ಗಡ ನೀರಿನ ಹಾಗಾಗುತ್ತದೆ." "ಎಷ್ಟು ಕೇಬಲ್ ಚುಚ್ಚಿದರೂ ಬರುವುದು ಅದೇ ಮಾಮೂಲಿ ಎಕೋ."

ಮೂರಕ್ಕೂ ಬೇರು ಒಂದೇ. ಎಫೆಕ್ಟನ್ನು ಪ್ಯಾಚ್‌ನ ಕಟ್ಟಕಡೆಗೆ ಇಟ್ಟು, ಇಡೀ ಸದ್ದನ್ನು ಅದರೊಳಗೆ ಹಾಯಿಸಿ, ಮಾಡ್ಯೂಲ್ ಮೇಲಿನ ಮಿಕ್ಸ್ (ಮೂಲ ಸದ್ದು, ಎಫೆಕ್ಟ್‌ಗಳ ಬೆರಕೆ), ಫೀಡ್‌ಬ್ಯಾಕ್ (ಮಾರ್ದನಿ ಮತ್ತೆ ಒಳಗೆ ಹೋಗುವ ಪ್ರಮಾಣ) ನಾಬ್‌ಗಳನ್ನಷ್ಟೇ ತಿರುಗಿಸುತ್ತಿರುತ್ತೇವೆ. ಮಾಡ್ಯುಲರ್‌ನ ನಿಜವಾದ ಅನುಕೂಲ ಬೇರೆ ಕಡೆ ಇದೆ. ಮಾರ್ದನಿಯನ್ನು ಹೊರಗೆ ತೆಗೆದು, ಸೋಸಿ, ತಗ್ಗಿಸಿ, ಬೇಕೆಂದಾಗ ಮಾತ್ರ ಮತ್ತೆ ಒಳಗೆ ಬಿಡಬಹುದು. ಮಾರ್ದನಿ ವಾಪಸ್ ಹೋಗುವ ದಾರಿಯಲ್ಲಿ ಒಂದು ಬಾಗಿಲಿರಬೇಕು, ಅದರ ಕೀಲಿ ನಿಮ್ಮ ಕೈಯಲ್ಲಿರಬೇಕು. ಕೆಳಗಿನ ಹಂತಗಳೆಲ್ಲ ಆ ಬಾಗಿಲನ್ನು ಕಟ್ಟುವ, ಬಳಸುವ ಕ್ರಮ. ಮೊದಲ ಮೂರನ್ನು ದಯವಿಟ್ಟು ಹಾರಿಸಬೇಡಿ. ಮುಂದೆ ಬರುವ ತೊಂದರೆಗಳಲ್ಲಿ ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ.

## ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾದವು

- ಸಮಯವನ್ನು ವೋಲ್ಟೇಜ್‌ನಿಂದ ಬದಲಿಸಬಹುದಾದ ಒಂದು ಡಿಲೇ, ಒಂದು ರಿವರ್ಬ್
- ಎರಡು ಮಿಕ್ಸರ್: ಒಂದು ಕೇಳುವುದಕ್ಕೆ, ಇನ್ನೊಂದು ಫೀಡ್‌ಬ್ಯಾಕ್ ಸುತ್ತಿನ (ಲೂಪ್) ಸಲುವಾಗಿ
- ಎರಡು ವಿಸಿಎ, ಅಂದರೆ ಸದ್ದಿನ ಮಟ್ಟವನ್ನು ವೋಲ್ಟೇಜ್‌ನಿಂದ ಏರಿಳಿಸುವ ಮಾಡ್ಯೂಲ್ (ಮೂರಿದ್ದರೆ ಇನ್ನೂ ಒಳ್ಳೆಯದು)
- ಒಂದು ಹೈಪಾಸ್ (ತಗ್ಗು ಸದ್ದನ್ನು ಸೋಸುವುದು), ಒಂದು ಲೋಪಾಸ್ (ಕೀರಲು ಸದ್ದನ್ನು ಸೋಸುವುದು) ಫಿಲ್ಟರ್
- ಆಫ್‌ಸೆಟ್ (ಸ್ಥಿರ ವೋಲ್ಟೇಜ್) ಕೊಡಬಲ್ಲ ಅಟೆನ್ಯುವರ್ಟರ್ (ವೋಲ್ಟೇಜನ್ನು ತಗ್ಗಿಸುವ, ತಲೆಕೆಳಗು ಮಾಡುವ ಮಾಡ್ಯೂಲ್), ಎಲ್‌ಎಫ್‌ಒ (ನಿಧಾನವಾಗಿ ಓಲಾಡುವ ವೋಲ್ಟೇಜ್), ಎನ್ವೆಲಪ್ (ಒಮ್ಮೆ ಏರಿ ಇಳಿಯುವ ವೋಲ್ಟೇಜ್). ಸಿಕ್ಕಿದರೆ ಎನ್ವೆಲಪ್ ಫಾಲೋವರ್ (ಸದ್ದಿನ ಮಟ್ಟವನ್ನು ಅನುಸರಿಸುವ ವೋಲ್ಟೇಜ್ ಕೊಡುವುದು)
- ಹನ್ನೆರಡು ಕೇಬಲ್, ಒಂದು ಮಲ್ಟಿಪಲ್ (ಒಂದು ಸಿಗ್ನಲನ್ನು ಹಲವು ಕವಲಾಗಿಸುವುದು)

ಯಂತ್ರ ಇಲ್ಲದವರು ಇದೆಲ್ಲವನ್ನೂ ವಿಸಿವಿ ರ‍್ಯಾಕ್ ತಂತ್ರಾಂಶದಲ್ಲಿ ಖರ್ಚಿಲ್ಲದೆ ಮಾಡಬಹುದು. 6ನೇ ಹಂತದಲ್ಲಿ ಮಾತ್ರ ಅದರ ಒಂದು ಗುಣವನ್ನು ಗಮನಿಸಬೇಕು, ಅಲ್ಲೇ ಹೇಳುತ್ತೇನೆ.

ಹೊಸ ಮಾಡ್ಯೂಲ್ ಜೋಡಿಸುವವರಿಗೆ ಎರಡು ಮಾತು. ಯೂರೋರ‍್ಯಾಕ್ ಎನ್ನುವುದು ಮಾಡ್ಯುಲರ್‌ನ ಹೆಚ್ಚು ಬಳಕೆಯ ಮಾದರಿ. ಯೂರೋರ‍್ಯಾಕ್ ಪವರ್ ಕೇಬಲ್‌ನ ಕೆಂಪು ಗೆರೆ ಸಾಮಾನ್ಯವಾಗಿ −12 ವೋಲ್ಟ್ ಕಡೆಗಿರಬೇಕು. ತಿರುವುಮುರುವಾದರೆ ಮಾಡ್ಯೂಲ್ ಸುಟ್ಟುಹೋಗಬಹುದು. ಬೋರ್ಡ್ ಮೇಲಿನ ಗುರುತು ನೋಡದೆ ಚುಚ್ಚಬೇಡಿ. ಡಿಜಿಟಲ್ ಎಫೆಕ್ಟ್‌ಗಳು +12 ವೋಲ್ಟ್ ಸಾಲಿನಿಂದ ಹೆಚ್ಚು ಕರೆಂಟ್ ಎಳೆಯುತ್ತವೆ, ಹಾಗಾಗಿ ಕೇಸ್‌ನ ಪವರ್ ಸಪ್ಲೈ ಎಷ್ಟು ಮಿಲಿಆಂಪಿಯರ್ ಕೊಡಬಲ್ಲದು ಎಂದು ಮೊದಲೇ ಕೂಡಿಸಿ ನೋಡಿ.

## ಹಂತ 1: ಮಟ್ಟ ತಗ್ಗಿಸಿ

ಯೂರೋರ‍್ಯಾಕ್ ಆಸಿಲೇಟರ್‌ನ (ಸ್ವರ ಹುಟ್ಟಿಸುವ ಮಾಡ್ಯೂಲ್) ಸದ್ದು ತುದಿಯಿಂದ ತುದಿಗೆ ಸುಮಾರು 10 ವೋಲ್ಟ್ ಇರುತ್ತದೆ. ಅದನ್ನು ಹಾಗೆಯೇ ಡಿಲೇಗೆ ಕೊಟ್ಟರೆ, ವಾಪಸ್ ಬರುವ ಮಾರ್ದನಿಗೆ ಕೂರಲು ಜಾಗವೇ ಇರುವುದಿಲ್ಲ. ಹೊಸ ಸದ್ದೂ ಹಳೆಯದೂ ಕೂಡಿದ ಕ್ಷಣ ಒಡೆದ ಸದ್ದು ಬರುತ್ತದೆ. ವೋಲ್ಟೇಜನ್ನು ಅರ್ಧಕ್ಕಿಳಿಸಿ, ಅಂದರೆ 6 ಡೆಸಿಬೆಲ್ ಕಡಿಮೆ. ಕಳೆದುಕೊಂಡದ್ದನ್ನು ಕೊನೆಯ ಮಿಕ್ಸರ್‌ನಲ್ಲಿ ಏರಿಸಿಕೊಳ್ಳಬಹುದು.

ಪರೀಕ್ಷೆಗೆ ಉದ್ದನೆಯ ಡ್ರೋನ್ (ಎಡೆಬಿಡದ ಸ್ವರ) ಬೇಡ. ಟಕ್ ಎಂದು ಬಂದು ನಿಲ್ಲುವ ಗಿಡ್ಡ ಸದ್ದು, ಎರಡು ಸೆಕೆಂಡಿಗೊಮ್ಮೆ, ನಡುವೆ ಪೂರ್ತಿ ಮೌನ. ಆ ಮೌನದಲ್ಲೇ ಮಾರ್ದನಿಯ ನಡವಳಿಕೆ ಕೇಳಿಸುವುದು.

ಸುತ್ತು ಕಟ್ಟುವಾಗ ಹೆಡ್‌ಫೋನ್ ಕಿವಿಯ ಮೇಲೆ ಇರಕೂಡದು. ಹಿಡಿತ ತಪ್ಪಿದ ಫೀಡ್‌ಬ್ಯಾಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ಣ ಮಟ್ಟಕ್ಕೆ ಏರುತ್ತದೆ. ಕಿವಿಗೂ ಸ್ಪೀಕರಿನ ಟ್ವೀಟರ್‌ಗೂ ಅದು ಅಪಾಯ. ಸ್ಪೀಕರ್‌ನಲ್ಲಿ, ಸಣ್ಣ ವಾಲ್ಯೂಮ್‌ನಲ್ಲಿ ಕಟ್ಟಿ.

## ಹಂತ 2: ಮೂಲ ಸದ್ದನ್ನೂ ಮಾರ್ದನಿಯನ್ನೂ ಬೇರ್ಪಡಿಸಿ

ಸದ್ದನ್ನು ಮಲ್ಟಿಪಲ್‌ನಿಂದ ಎರಡು ಮಾಡಿ. ಒಂದು ನೇರವಾಗಿ ಕೇಳುವ ಮಿಕ್ಸರ್‌ನ 1ನೇ ಚಾನೆಲ್‌ಗೆ. ಇನ್ನೊಂದು ಡಿಲೇಗೆ ಹೋಗಿ, ಅಲ್ಲಿಂದ 2ನೇ ಚಾನೆಲ್‌ಗೆ. ಡಿಲೇಯ ಮಿಕ್ಸ್ ನಾಬ್ ಪೂರ್ತಿ ಎಫೆಕ್ಟ್ ಕಡೆಗೆ, 100% ವೆಟ್.

ಇಲ್ಲಿ ಎಡವುವವರು ಬಹಳ ಮಂದಿ. ಮಿಕ್ಸ್ ನಾಬ್ ಅರ್ಧದಲ್ಲೇ ಉಳಿದರೆ ಮೂಲ ಸದ್ದು ಎರಡು ದಾರಿಯಿಂದ ಬರುತ್ತದೆ. ಡಿಜಿಟಲ್ ಮಾಡ್ಯೂಲ್ ಅದನ್ನು ಒಂದೆರಡು ಮಿಲಿಸೆಕೆಂಡ್ ತಡಮಾಡಿದರೂ ಸಾಕು, ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗಿ ಕೇಳಿಸುತ್ತದೆ. 1 ಮಿಲಿಸೆಕೆಂಡ್ ವ್ಯತ್ಯಾಸವಿದ್ದರೆ 500, 1500, 2500 ಹರ್ಟ್ಜ್‌ಗಳಲ್ಲಿ ಸದ್ದು ಕೊರೆದು ಹೋಗಿರುತ್ತದೆ. ಇದನ್ನು ಫಿಲ್ಟರ್ ತಿರುಗಿಸಿ ಸರಿಪಡಿಸಲಾಗದು.

ಇನ್ನೊಂದು ತಪ್ಪು: ಒಂದು ಔಟ್‌ಪುಟ್‌ನಿಂದ ಹಲವು ಇನ್‌ಪುಟ್‌ಗಳಿಗೆ ಕವಲು ಒಡೆಯಬಹುದು, ಆದರೆ ಎರಡು ಔಟ್‌ಪುಟ್‌ಗಳನ್ನು ಮಲ್ಟಿಪಲ್‌ನಲ್ಲೋ ಒಂದರ ಮೇಲೊಂದು ಕೂರುವ ಕೇಬಲ್‌ನಲ್ಲೋ ಕೂಡಿಸಬಾರದು. ಅವು ಬೆರೆಯುವುದಿಲ್ಲ, ಒಂದನ್ನೊಂದು ಎಳೆದಾಡುತ್ತವೆ. ಬೆರೆಸಲು ಮಿಕ್ಸರೇ ಬೇಕು. ಮುಂದಿನ ಹಂತದಲ್ಲಿ ಎರಡನೇ ಮಿಕ್ಸರ್ ಬೇಕಾಗುವುದು ಇದಕ್ಕೇ.

## ಹಂತ 3: ಫೀಡ್‌ಬ್ಯಾಕ್ ಸುತ್ತನ್ನು ಹೊರಗೆ ಕಟ್ಟಿ

ಡಿಲೇಯ ಸ್ವಂತ ಫೀಡ್‌ಬ್ಯಾಕ್ ನಾಬ್ ಸೊನ್ನೆಗೆ. ಆಮೇಲೆ ಈ ಕ್ರಮದಲ್ಲಿ:

1. ಮೂಲ ಸದ್ದು → ಸುತ್ತಿನ ಮಿಕ್ಸರ್, 1ನೇ ಚಾನೆಲ್
2. ಸುತ್ತಿನ ಮಿಕ್ಸರ್ → ಡಿಲೇ
3. ಡಿಲೇ ಔಟ್‌ಪುಟ್ → ಮಲ್ಟಿಪಲ್. ಒಂದು ಕವಲು ಕೇಳುವ ಮಿಕ್ಸರ್‌ಗೆ
4. ಇನ್ನೊಂದು ಕವಲು → ಹೈಪಾಸ್ → ಲೋಪಾಸ್ → ವಿಸಿಎ
5. ವಿಸಿಎ → ಸುತ್ತಿನ ಮಿಕ್ಸರ್, 2ನೇ ಚಾನೆಲ್

ಕೊನೆಯ ಕೇಬಲ್ ಚುಚ್ಚುವ ಮೊದಲು ವಿಸಿಎ ಪೂರ್ತಿ ಮುಚ್ಚಿರಲಿ. ಹೈಪಾಸ್ 100 ಹರ್ಟ್ಜ್ ಆಸುಪಾಸು, ಲೋಪಾಸ್ 3 ಸಾವಿರ ಹರ್ಟ್ಜ್ ಆಸುಪಾಸು, ಎರಡರ ರೆಸೊನೆನ್ಸ್ (ಫಿಲ್ಟರ್ ಕತ್ತರಿಸುವ ಜಾಗದ ಸ್ವರವನ್ನು ಎತ್ತಿ ಹಿಡಿಯುವ ಗುಣ) ಸೊನ್ನೆ.

ಫಿಲ್ಟರ್ ಮೊದಲು, ವಿಸಿಎ ಆಮೇಲೆ. ಈ ಕ್ರಮವನ್ನು ನಾನು ಕಷ್ಟಪಟ್ಟು ಕಲಿತೆ. ವಿಸಿಎ ಮುಚ್ಚಿದ್ದರೂ ಸುತ್ತಿನಲ್ಲಿ ಒಂದು ತೆಳು ಸ್ವರ ಗುಂಯ್‌ಗುಡುತ್ತಲೇ ಇತ್ತು. ಒಂದು ಸಂಜೆ ಪೂರ್ತಿ ಡಿಲೇ ಕೆಟ್ಟಿದೆ ಎಂದೇ ನಂಬಿದ್ದೆ. ವಿಸಿಎಯ ನಂತರ ಇಟ್ಟಿದ್ದ ಫಿಲ್ಟರ್, ರೆಸೊನೆನ್ಸ್ ಹೆಚ್ಚಾಗಿ ತಾನೇ ಹಾಡುತ್ತಿತ್ತು. ವಿಸಿಎ ಕೊನೆಯಲ್ಲಿದ್ದರೆ ಅದನ್ನು ಮುಚ್ಚಿದ ಮೇಲೆ ಏನೂ ಒಳಗೆ ನುಸುಳುವುದಿಲ್ಲ.

ಈಗ ವಿಸಿಎಯನ್ನು ನಿಧಾನವಾಗಿ ತೆರೆಯಿರಿ. ಈ ಲೆಕ್ಕ ತಲೆಯಲ್ಲಿರಲಿ: ಪ್ರತಿ ಸುತ್ತಿಗೂ ಸದ್ದಿನ ಅರ್ಧ ಉಳಿದರೆ, ಮಾರ್ದನಿ 60 ಡೆಸಿಬೆಲ್ ಇಳಿದು ಅಡಗಲು 10 ಸುತ್ತು ಸಾಕು. 0.7 ಪಾಲು ಉಳಿದರೆ ಸುಮಾರು 19 ಸುತ್ತು. 0.9 ಉಳಿದರೆ ಸುಮಾರು 66. 0.95 ಉಳಿದರೆ ಸುಮಾರು 135. 400 ಮಿಲಿಸೆಕೆಂಡ್ ಡಿಲೇಯಲ್ಲಿ ಇದು 4 ಸೆಕೆಂಡಿನಿಂದ 54 ಸೆಕೆಂಡಿಗೆ ಹಿಗ್ಗಿದಂತೆ. ಒಂದನ್ನು ಮುಟ್ಟಿದರೆ ಸದ್ದು ಅಡಗುವುದೇ ಇಲ್ಲ, ದಾಟಿದರೆ ಅರಚಾಟ. ರುಚಿಯೆಲ್ಲ ನಾಬ್‌ನ ಕೊನೆಯ ಒಂದಿಷ್ಟು ತಿರುವಿನಲ್ಲೇ ಅಡಗಿದೆ. "ತುಸು ಏರಿಸಿದರೆ ಅರಚುತ್ತದೆ" ಎನ್ನುವುದಕ್ಕೆ ಕಾರಣ ಇಷ್ಟೇ, ಮಾಡ್ಯೂಲ್ ಕೆಟ್ಟಿಲ್ಲ. ಸುತ್ತಿನ ಮಿಕ್ಸರ್‌ನ 2ನೇ ಚಾನೆಲನ್ನು ತಗ್ಗಿಸಿ, ವಿಸಿಎ ಪೂರ್ತಿ ತೆರೆದಾಗಲೂ 0.9 ದಾಟದಂತೆ ಕಟ್ಟಿಹಾಕಿ. ಆಗ ವಿಸಿಎ ನಾಬ್‌ನ ಇಡೀ ಓಟ ನಿಮಗೆ ಉಪಯೋಗಕ್ಕೆ ಬರುತ್ತದೆ.

ಎಚ್ಚರಿಕೆಯ ಗುರುತುಗಳು. ಒಂದೇ ಒಂದು ಸದ್ದು ಬಿಟ್ಟು ಎಣಿಸುತ್ತಾ ಕೇಳಿ. ಮೂರನೆಯ ಮಾರ್ದನಿ ಎರಡನೆಯದಕ್ಕಿಂತ ಸಣ್ಣದಾಗಿರಲೇಬೇಕು. ಎರಡೂ ಸಮವೆನಿಸಿದರೆ ನೀವು ಅಂಚಿನಲ್ಲಿದ್ದೀರಿ. ಮಾರ್ದನಿ ಒಟ್ಟಾರೆ ಸಣ್ಣದಾಗುತ್ತಿದ್ದರೂ ಅದರೊಳಗಿನ ಒಂದು ಸ್ವರ ಮಾತ್ರ ಮೊನಚಾಗಿ ಎದ್ದು ಬರುತ್ತಿದ್ದರೆ, ಫಿಲ್ಟರ್‌ನ ರೆಸೊನೆನ್ಸ್ ಆ ಒಂದು ಕಡೆ ಮಾತ್ರ ಮಟ್ಟವನ್ನು ಒಂದರಾಚೆಗೆ ತಳ್ಳುತ್ತಿದೆ. ಕೆಳಗಿನಿಂದ ಗುಡುಗಿನಂತೆ ದಪ್ಪ ಸದ್ದು ತುಂಬಿಕೊಳ್ಳುತ್ತಿದ್ದರೆ ಹೈಪಾಸ್ ಏರಿಸಿ. ಕೈ ಮೀರಿದಾಗ ಮುಚ್ಚಬೇಕಾದದ್ದು ಸುತ್ತಿನ ವಿಸಿಎ. ಸ್ಪೀಕರ್ ವಾಲ್ಯೂಮ್ ಇಳಿಸಿದರೆ ಸುತ್ತು ಒಳಗೊಳಗೇ ಬೆಳೆಯುತ್ತಲೇ ಇರುತ್ತದೆ.

## ಹಂತ 4: ಬಾಗಿಲನ್ನು ವೋಲ್ಟೇಜ್‌ಗೆ ಒಪ್ಪಿಸಿ

ಇಲ್ಲಿಂದ ಮಾಮೂಲಿ ಎಕೋ ಮುಗಿಯಿತು. ಎರಡನೇ ವಿಸಿಎಯನ್ನು ಮೂಲ ಸದ್ದಿಗೂ ಸುತ್ತಿನ ಮಿಕ್ಸರ್‌ಗೂ ನಡುವೆ ಇಡಿ. ಈಗ ಎರಡು ಬಾಗಿಲುಗಳಾದವು: ಒಳಗೆ ಏನು ಹೋಗಬೇಕು ಎನ್ನುವುದು ಒಂದು, ಎಷ್ಟು ಹೊತ್ತು ಸುತ್ತಬೇಕು ಎನ್ನುವುದು ಇನ್ನೊಂದು.

ಎಂಟು ಹೆಜ್ಜೆಯ ಸೀಕ್ವೆನ್ಸ್ (ತಾನೇ ಮರಳಿ ಮರಳಿ ನುಡಿಯುವ ಸ್ವರಗಳ ಸಾಲು) ತೆಗೆದುಕೊಳ್ಳಿ. ಏಳನೇ ಹೆಜ್ಜೆಯ ಗೇಟ್ (ಆನ್-ಆಫ್ ವೋಲ್ಟೇಜ್) ಮಾತ್ರ ಮೊದಲ ಬಾಗಿಲನ್ನು ತೆರೆಯಲಿ. ಅದೇ ಗೇಟ್ ಎರಡು ಸೆಕೆಂಡ್‌ ಇಳಿತವಿರುವ ಎನ್ವೆಲಪ್‌ ಒಂದನ್ನು ಹೊಡೆದು, ಅದು ಎರಡನೇ ಬಾಗಿಲನ್ನು ಆಳಲಿ. ಕೇಳಿಸುವುದು ಹೀಗೆ: ಆರು ಸ್ವರ ಒಣದಾಗಿ, ಸ್ಪಷ್ಟವಾಗಿ ನಡೆದು ಹೋಗುತ್ತವೆ. ಏಳನೆಯದು ಬಿದ್ದ ಕೂಡಲೇ ಅದರ ಮಾರ್ದನಿ ಹೊರಚೆಲ್ಲಿ, ಮುಂದಿನ ಸಾಲಿನ ಮೊದಲ ಸ್ವರಗಳ ಬೆನ್ನ ಹಿಂದೆ ಮೂರು ನಾಲ್ಕು ಬಾರಿ ಮಿಡಿದು, ಬಾಗಿಲು ಮುಚ್ಚಿಕೊಳ್ಳುತ್ತಿದ್ದಂತೆ ಬಣ್ಣಗೆಟ್ಟು ಕರಗುತ್ತದೆ. ಎಲ್ಲ ಸ್ವರಗಳಿಗೂ ಎಕೋ ಇದ್ದಾಗ ಒಂದೂ ಎದ್ದು ಕಾಣುವುದಿಲ್ಲ. ಒಂದಕ್ಕೆ ಮಾತ್ರ ಇದ್ದರೆ ಅದೇ ಹಾಡಿನ ಮಾತಾಗುತ್ತದೆ. ಈ ಮಾರ್ಗದರ್ಶಿಯಲ್ಲಿ ಒಂದೇ ಪ್ಯಾಚ್ ಮಾಡಿ ನೋಡುವಷ್ಟು ಸಮಯ ಇದ್ದರೆ ಇದನ್ನೇ ಮಾಡಿ.

ಮೊದಲ ಬಾಗಿಲಿನ ಗೇಟ್ ತೀರಾ ಚೌಕವಾಗಿದ್ದರೆ ಟಕ್ ಎಂಬ ಕ್ಲಿಕ್ ಸುತ್ತಿನೊಳಗೆ ಸೇರಿ ಅದೂ ಪುನರಾವರ್ತನೆ ಆಗುತ್ತದೆ. ಗೇಟನ್ನು 3ರಿಂದ 5 ಮಿಲಿಸೆಕೆಂಡ್ ಏರಿಕೆಯ ಎನ್ವೆಲಪ್ ಮೂಲಕ ಹಾಯಿಸಿ.

## ಹಂತ 5: ಸಮಯವನ್ನು ಲಯಕ್ಕೆ ಕೂರಿಸಿ, ಆಮೇಲೆ ಅಲುಗಾಡಿಸಿ

60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಒಂದು ಬೀಟ್‌ನ ಮಿಲಿಸೆಕೆಂಡ್ ಸಿಗುತ್ತದೆ. 120 ಬಿಪಿಎಂಗೆ ಪೂರ್ತಿ ಬೀಟ್ 500, ಮುಕ್ಕಾಲು 375, ಅರ್ಧ 250, ಮೂರನೇ ಒಂದು ಪಾಲು 167. ಸರಳ ಸೀಕ್ವೆನ್ಸ್‌ಗೆ ಮುಕ್ಕಾಲು ಬೀಟ್ ಇಡಿ. ಮಾರ್ದನಿಗಳು ಸ್ವರಗಳ ಮೇಲೆಯೇ ಬೀಳದೆ ಸಂದುಗಳಲ್ಲಿ ಬಿದ್ದು, ನೀವು ನುಡಿಸದ ಲಯವೊಂದು ಹುಟ್ಟುತ್ತದೆ.

ಲಯ ಕೂತ ಮೇಲೆ ಎಲ್‌ಎಫ್‌ಒ ತನ್ನಿ, ಆದರೆ ಅಟೆನ್ಯುವರ್ಟರ್ ಮೂಲಕವೇ. ಡಿಲೇ ಸಮಯ ಕುಗ್ಗುವಾಗ ಸ್ವರ ಏರುತ್ತದೆ, ಹಿಗ್ಗುವಾಗ ಇಳಿಯುತ್ತದೆ. ಸೆಕೆಂಡಿಗೆ ಒಂದು ಸಲ ಓಲಾಡುವ ಸೈನ್ ಅಲೆ ಸಮಯವನ್ನು ಆ ಕಡೆ ಈ ಕಡೆ 1 ಮಿಲಿಸೆಕೆಂಡ್ ಸರಿಸಿದರೆ ಸ್ವರ ಹೆಚ್ಚೆಂದರೆ 11 ಸೆಂಟ್ ಅಲುಗುತ್ತದೆ, ಹಿತವಾದ ಕಂಪನ. 5 ಮಿಲಿಸೆಕೆಂಡ್ ಸರಿಸಿದರೆ 50 ಸೆಂಟ್ ದಾಟುತ್ತದೆ, ಅಂದರೆ ಅರ್ಧ ಸೆಮಿಟೋನ್, ಶ್ರುತಿ ತಪ್ಪಿದಂತೆಯೇ. ಎಲ್‌ಎಫ್‌ಒದ ಪೂರ್ತಿ ವೋಲ್ಟೇಜ್ ನೇರವಾಗಿ ಚುಚ್ಚಿದರೆ ಓಲಾಟ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ, ಅದಕ್ಕೇ ಎಲ್ಲ ಕಲಸುಮೇಲೋಗರವಾಗುವುದು. ಸುತ್ತಿನೊಳಗಿನ ಮಾರ್ದನಿಯಂತೂ ಪ್ರತಿ ಬಾರಿ ಮತ್ತೆ ಅಲುಗಾಡಿಸಿಕೊಂಡು ಬರುತ್ತದೆ, ಹಾಗಾಗಿ ಒಂದು ಮಾರ್ದನಿಗೆ ಸಾಲದೆನಿಸುವ ಪ್ರಮಾಣ ಐದನೇ ಸುತ್ತಿಗೆ ಹೆಚ್ಚೇ ಆಗಿರುತ್ತದೆ.

ಕೆಲವು ಡಿಜಿಟಲ್ ಡಿಲೇಗಳು ಸಮಯ ಬದಲಾದಾಗ ಸ್ವರ ಜಾರಿಸದೆ ಹಳೆಯದರಿಂದ ಹೊಸದಕ್ಕೆ ಮೆಲ್ಲಗೆ ದಾಟಿಸುತ್ತವೆ. ಅವುಗಳಲ್ಲಿ ಈ ಕಂಪನ ಸಿಗದು, ಬದಲಿಗೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ರ‍್ಯಾಂಡಮ್ ವೋಲ್ಟೇಜ್ ಚೆನ್ನಾಗಿ ಒಪ್ಪುತ್ತದೆ. ಬಿಬಿಡಿ ಚಿಪ್ (ಸದ್ದನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ದಾಟಿಸಿ ತಡಮಾಡುವುದು) ಇರುವ ಅನಲಾಗ್ ಡಿಲೇಗಳಲ್ಲಿ ಸಮಯ ಹಿಗ್ಗಿದಷ್ಟೂ ಒಳಗಿನ ಕ್ಲಾಕ್ ನಿಧಾನವಾಗುತ್ತದೆ. 4096 ಮೆಟ್ಟಿಲಿನ ಚಿಪ್‌ನಿಂದ 205 ಮಿಲಿಸೆಕೆಂಡ್ ಬೇಕೆಂದರೆ ಕ್ಲಾಕ್ 10 ಸಾವಿರ ಹರ್ಟ್ಜ್‌ಗೆ ಇಳಿದಿರಬೇಕು, ಆಗ ಅದರ ಕೀರಲು ಸದ್ದೇ ಕಿವಿಗೆ ಬೀಳುತ್ತದೆ. ಅದು ದೋಷವಲ್ಲ, ಲೋಪಾಸ್ ಇಳಿಸಿ.

## ಹಂತ 6: ಡಿಲೇಯನ್ನು ತಂತಿಯಾಗಿಸಿ

ಸಮಯ ಹತ್ತು ಮಿಲಿಸೆಕೆಂಡ್‌ಗಿಂತ ಕೆಳಗಿಳಿದರೆ ಮಾರ್ದನಿಗಳು ಬಿಡಿಬಿಡಿಯಾಗಿ ಕೇಳಿಸದೆ ಸ್ವರವಾಗಿ ಬೆಸೆದುಕೊಳ್ಳುತ್ತವೆ. 110 ಹರ್ಟ್ಜ್ ಬೇಕಾದರೆ 9.09 ಮಿಲಿಸೆಕೆಂಡ್, 220ಕ್ಕೆ 4.55, 440ಕ್ಕೆ 2.27. 3ನೇ ಹಂತದ ಸುತ್ತನ್ನೇ ಇಟ್ಟುಕೊಂಡು, ಆಸಿಲೇಟರ್ ಬದಲು ನಾಯ್ಸ್‌ನ ಐದು ಮಿಲಿಸೆಕೆಂಡ್ ತುಣುಕೊಂದನ್ನು ಒಳಗೆ ಬಿಡಿ, 0.9ಕ್ಕೆ ಕಟ್ಟಿಹಾಕಿದ್ದ ಮಟ್ಟವನ್ನು ಸುತ್ತಿನ ಮಿಕ್ಸರ್‌ನ 2ನೇ ಚಾನೆಲ್‌ನಲ್ಲಿ 0.95ರಿಂದ 0.98ರವರೆಗೆ ಏರಿಸಿ. ಮೀಟಿದ ತಂತಿಯ ನಾದ ಬರುತ್ತದೆ. ಲೋಪಾಸ್ ಇಳಿಸಿದಷ್ಟೂ ನಾದ ಮಂದ, ತೆರೆದಷ್ಟೂ ಲೋಹದ ಝಣತ್ಕಾರ. ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ವಿಧಾನ ಇದೇ.

ಇಲ್ಲಿ ಸೋಲಲು ಮೂರು ಕಾರಣ. ನಿಮ್ಮ ಡಿಲೇ ಅಷ್ಟು ಕೆಳಗೆ ಇಳಿಯದೇ ಇರಬಹುದು. ಪಿಟಿ2399 ಚಿಪ್‌ನವು ಸುಮಾರು 30 ಮಿಲಿಸೆಕೆಂಡ್‌ಗೇ ನಿಲ್ಲುತ್ತವೆ, ಅವುಗಳಲ್ಲಿ ಈ ಪ್ಯಾಚ್ ಆಗದು. ಎರಡನೆಯದು, ಸಮಯದ ಇನ್‌ಪುಟ್ ಆಕ್ಟೇವ್‌ಗೆ 1 ವೋಲ್ಟ್ ಲೆಕ್ಕದಲ್ಲಿ ಇರದಿದ್ದರೆ ಸೀಕ್ವೆನ್ಸರ್‌ನ ಸ್ವರಗಳು ಸರಿಯಾಗಿ ಕೂರುವುದಿಲ್ಲ. ಒಂದೊಂದು ಹೆಜ್ಜೆಯನ್ನೂ ಕಿವಿಯಿಂದಲೇ ಶ್ರುತಿ ಮಾಡಬೇಕು. ಮೂರನೆಯದು, ಸುತ್ತಿನಲ್ಲಿರುವ ಲೋಪಾಸ್ ಕೂಡ ಒಂದಿಷ್ಟು ತಡ ಸೇರಿಸುತ್ತದೆ, ಶ್ರುತಿ ಇಳಿಯುತ್ತದೆ. ವಿಸಿವಿ ರ‍್ಯಾಕ್‌ನಲ್ಲಿ ಒಂದೊಂದು ಕೇಬಲ್ ಕೂಡ ಒಂದು ಸ್ಯಾಂಪಲ್ ತಡ ಮಾಡುತ್ತದೆ. 48 ಸಾವಿರ ಹರ್ಟ್ಜ್‌ನಲ್ಲಿ ಸುತ್ತಿನಲ್ಲಿ ನಾಲ್ಕೇ ಕೇಬಲ್ ಇದ್ದರೂ 0.08 ಮಿಲಿಸೆಕೆಂಡ್: 110 ಹರ್ಟ್ಜ್‌ನಲ್ಲಿ 16 ಸೆಂಟ್ ಇಳಿತ, 440ರಲ್ಲಿ 60 ದಾಟುತ್ತದೆ. ಮೇಲಿನ ಸ್ವರಗಳು ಮಾತ್ರ ಅಪಶ್ರುತಿ ಎನಿಸುತ್ತಿದ್ದರೆ ಕಾರಣ ಇದು.

## ಹಂತ 7: ರಿವರ್ಬ್‌ಗೆ ಜಾಗ ಮಾಡಿಕೊಡಿ

ರಿವರ್ಬ್ ಕೂಡ 100% ವೆಟ್, ಅದಕ್ಕೂ ಮಿಕ್ಸರ್‌ನಲ್ಲಿ ತನ್ನದೇ ಚಾನೆಲ್. ಒಳಗೆ ಹೋಗುವ ಮೊದಲೇ 200 ಹರ್ಟ್ಜ್‌ನ ಹೈಪಾಸ್. ಬಗ್ಗಡದ ಮುಖ್ಯ ಕಾರಣ ಬೇಸ್ ರಿವರ್ಬ್‌ನೊಳಗೆ ಹೋಗುವುದು. ಒಮ್ಮೆ ಒಳಹೊಕ್ಕು ಹರಡಿದ ಮೇಲೆ ಅದನ್ನು ಬೇರ್ಪಡಿಸಲಾಗದು. ರಿವರ್ಬ್‌ಗೆ ಮೊದಲು 20ರಿಂದ 40 ಮಿಲಿಸೆಕೆಂಡ್ ಡಿಲೇ ಇದ್ದರೆ ಸ್ವರದ ಮೊದಲ ಪೆಟ್ಟು ಸ್ವಚ್ಛವಾಗಿ ಉಳಿಯುತ್ತದೆ.

ಬಾಗಿ ದಾರಿ ಬಿಡುವ ರಿವರ್ಬ್. ಮೂಲ ಸದ್ದು ಇರುವಾಗ ರಿವರ್ಬ್‌ನ ಬಾಲ (ಉಳಿದು ಅನುರಣಿಸುವ ಸದ್ದು) ತಗ್ಗಿ, ಮೌನದಲ್ಲಿ ಮೇಲೇಳಬೇಕು. ರಿವರ್ಬ್ ಔಟ್‌ಪುಟ್‌ಗೆ ಒಂದು ವಿಸಿಎ ಕೊಡಿ. ಮೂಲ ಸದ್ದಿನಿಂದ ಎನ್ವೆಲಪ್ ಫಾಲೋವರ್, ಅದನ್ನು ಅಟೆನ್ಯುವರ್ಟರ್‌ನಲ್ಲಿ ತಲೆಕೆಳಗು ಮಾಡಿ, 5 ವೋಲ್ಟ್ ಆಫ್‌ಸೆಟ್ ಕೂಡಿಸಿ ವಿಸಿಎಗೆ. ಆಫ್‌ಸೆಟ್ ಮರೆತರೆ ವಿಸಿಎ ತೆರೆಯುವುದೇ ಇಲ್ಲ. "ರಿವರ್ಬ್ ಕೇಳಿಸುತ್ತಲೇ ಇಲ್ಲ" ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಕತ್ತರಿಸಿದ ಬಾಲ. ಅದೇ ವಿಸಿಎಗೆ 250 ಮಿಲಿಸೆಕೆಂಡ್ ತೆರೆದು ಥಟ್ಟನೆ ಮುಚ್ಚುವ ಗೇಟ್. ಡ್ರಮ್‌ಗೆ ಬಲು ಚೆಂದ.

ಸುತ್ತಿನೊಳಗೆ ರಿವರ್ಬ್. 3ನೇ ಹಂತದಲ್ಲಿ ಫಿಲ್ಟರ್‌ಗೂ ಮೊದಲು ರಿವರ್ಬ್ ಸೇರಿಸಿ. ಮೊದಲ ಮಾರ್ದನಿಯೇ ಒಂದಿಷ್ಟು ಮಸುಕು, ಎರಡನೆಯದರಲ್ಲಿ ಸ್ವರದ ಅಂಚು ಇರುವುದಿಲ್ಲ, ನಾಲ್ಕನೆಯದು ಬರೀ ಮೋಡ. ರಿವರ್ಬ್ ಬಂದ ಮೇಲೆ ಸುತ್ತಿನ ಮಟ್ಟ ಬದಲಾಗಿರುತ್ತದೆ, ಹಾಗಾಗಿ ವಿಸಿಎಯನ್ನು ಮತ್ತೆ ಸೊನ್ನೆಯಿಂದಲೇ ತೆರೆಯಿರಿ. ಹಳೆಯ ನಾಬ್ ಜಾಗವನ್ನು ನಂಬಿ ತೆರೆದವರಿಗೇ ಅರಚಾಟ ಕಾದಿರುವುದು.

ಹೆಪ್ಪುಗಟ್ಟಿದ ಬಾಲ. ಫ್ರೀಝ್ ಇರುವ ಮಾಡ್ಯೂಲ್‌ನಲ್ಲಿ (ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಕ್ಲೌಡ್ಸ್ ಅಂಥದ್ದೊಂದು) ಸದ್ದನ್ನು ಹಿಡಿದಿಟ್ಟು, ಅದನ್ನೇ ಆಸಿಲೇಟರ್ ಎಂದುಕೊಳ್ಳಿ. ಮುಂದೆ ಲೋಪಾಸ್, ವಿಸಿಎ, ಅದಕ್ಕೆ ಸೀಕ್ವೆನ್ಸರ್‌ನ ಗೇಟ್. ಒಂದು ನಿಮಿಷದ ಹಿಂದೆ ನುಡಿಸಿದ ಸ್ವರದ ನೆರಳು ಈಗ ಲಯವಾಗಿ ಮಿಡಿಯುತ್ತದೆ.

ಸ್ಪ್ರಿಂಗ್ ರಿವರ್ಬ್ ಬಳಸುವವರು ಅದರ ಡಬ್ಬಿಯನ್ನು ಪವರ್ ಸಪ್ಲೈನಿಂದ ದೂರ ಇಡಿ, ಇಲ್ಲವಾದರೆ ಗುಂಯ್ ಎಂಬ ಹಮ್ ಅಂಟಿಕೊಳ್ಳುತ್ತದೆ. ಟೇಬಲ್ ತಟ್ಟಿದರೂ ಅದು ಗುಡುಗುತ್ತದೆ. ಬೇಕಾದಾಗ ಅದೇ ವಾದ್ಯ.

## ಇನ್ನೂ ಸರಿಹೋಗದಿದ್ದರೆ

ಸುತ್ತು ಕಟ್ಟಿದ್ದೀರಿ, ಆದರೆ ಒಂದೇ ಮಾರ್ದನಿ ಬಂದು ನಿಲ್ಲುತ್ತದೆ: ವಿಸಿಎಗೆ ವೋಲ್ಟೇಜ್ ತಲುಪುತ್ತಿದೆಯೇ ನೋಡಿ. ಎನ್ವೆಲಪ್ ಡಿಲೇ ಸಮಯಕ್ಕಿಂತ ಗಿಡ್ಡವಾಗಿದ್ದರೆ, ಮಾರ್ದನಿ ವಾಪಸ್ ಬರುವಷ್ಟರಲ್ಲಿ ಬಾಗಿಲು ಮುಚ್ಚಿಹೋಗಿರುತ್ತದೆ.

ಸದ್ದು ಒಡೆಯುತ್ತಿದೆ, ಆದರೆ ಅರಚಾಟವಿಲ್ಲ: 1ನೇ ಹಂತಕ್ಕೆ ಹಿಂದಿರುಗಿ. ಡಿಲೇಯ ಇನ್‌ಪುಟ್ ತುಂಬಿ ಹರಿಯುತ್ತಿದೆ.

ಸದ್ದಿನ ಬದಲು ಸಿವಿಯನ್ನು (ನಿಯಂತ್ರಣದ ವೋಲ್ಟೇಜ್) ಡಿಲೇಯಲ್ಲಿ ಹಾಯಿಸಿದ್ದೀರಿ, ಹೊರಗೆ ಏನೂ ಬರುತ್ತಿಲ್ಲ: ಸ್ಥಿರವಾದ 5 ವೋಲ್ಟ್ ಒಳಗೆ ಕೊಟ್ಟು ಔಟ್‌ಪುಟ್ ಅಳೆಯಿರಿ. ಅದು ಮೆಲ್ಲಗೆ ಸೊನ್ನೆಗೆ ಜಾರಿದರೆ, ಆ ಮಾಡ್ಯೂಲ್ ಆಡಿಯೋಗೆ ಮಾತ್ರ. ಬಹಳಷ್ಟು ಡಿಲೇಗಳು ಹೀಗೇ ಇರುತ್ತವೆ.

ನಿನ್ನೆ ಹಾಡುತ್ತಿದ್ದ ಪ್ಯಾಚ್ ಇವತ್ತು ಹಾಡುತ್ತಿಲ್ಲ: ಅಂಚಿನಲ್ಲಿರುವ ಸುತ್ತು ಕೂದಲೆಳೆಯ ತಿರುವಿಗೂ ಬದಲಾಗುತ್ತದೆ, ಬಿಸಿಯೇರಿದಂತೆ ಅನಲಾಗ್ ಮಾಡ್ಯೂಲ್‌ಗಳು ತುಸು ಸರಿಯುತ್ತವೆ ಕೂಡ. ಅರ್ಧ ಗಂಟೆ ಆನ್ ಇಟ್ಟು ಆಮೇಲೆ ಶ್ರುತಿ ಮಾಡಿ. ಸುತ್ತು ಕಟ್ಟಲು ಕೂರುವ ಮೊದಲೇ ರೆಕಾರ್ಡರ್ ಒತ್ತಿ, ಮೂಲ ಸದ್ದೂ ಮಾರ್ದನಿಯೂ ಬೇರೆ ಬೇರೆ ಟ್ರ್ಯಾಕ್‌ಗೆ ಹೋಗುವಂತೆ ಮಾಡಿಕೊಳ್ಳಿ.